ಪೆರುವಿನ ಆಂತರಿಕ ಸಂಘರ್ಷದಲ್ಲಿ ನಾಗರಿಕರ ಸಾವಿನ ಅಂಕಿಅಂಶಗಳು

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ 1980ರಿಂದ 2000ದವರೆಗೆ ನಡೆದ ಆಂತರಿಕ ಸಶಸ್ತ್ರ ಸಂಘರ್ಷದಲ್ಲಿ ಸತ್ತವರ ಮತ್ತು ಕಾಣೆಯಾದವರ ಅಂಕಿಅಂಶಗಳು ಅಂತರ್ಯುದ್ಧಗಳ ಅಧ್ಯಯನದಲ್ಲಿ ಬಹಳವಾಗಿ ಚರ್ಚೆಗೆ ಒಳಗಾದ ದತ್ತಾಂಶಗಳಲ್ಲಿ ಒಂದಾಗಿವೆ. ಈ ಹಿಂಸೆಯ ವಿಚಾರಣೆಗಾಗಿ ನೇಮಕಗೊಂಡ ಸತ್ಯ ಮತ್ತು ಸಾಮರಸ್ಯ ಆಯೋಗವು ತನಗೆ ವರದಿಯಾದ ಸಾವು ಮತ್ತು ಕಣ್ಮರೆಗಳ ಸಂಖ್ಯೆ 23,969 ಎಂದು ತಿಳಿಸಿತು. ಅದೇ ಆಯೋಗವು ಸಂಖ್ಯಾಶಾಸ್ತ್ರದ ನೆರವಿನಿಂದ ಮಾಡಿದ ಅಂದಾಜಿನಂತೆ ಸತ್ತವರು ಮತ್ತು ಕಾಣೆಯಾದವರು ಒಟ್ಟು 69,280. ಮೊದಲನೆಯದು ಲೆಕ್ಕ, ಎರಡನೆಯದು ಅಂದಾಜು. ಇವೆರಡರ ನಡುವೆ ಇರುವ 45,000ಕ್ಕೂ ಹೆಚ್ಚಿನ ಅಂತರವು ಯಾವ ಪಟ್ಟಿಯಲ್ಲಿಯೂ ಹೆಸರು ಸೇರದೆ ಹೋದ ಮನುಷ್ಯರಿಗೆ ಸಂಬಂಧಿಸಿದ್ದು. ಅಂತರ್ಯುದ್ಧದ ಸಾವುಗಳಲ್ಲಿ ಕಾಣುವ ವಿನ್ಯಾಸಗಳು ನಿಜವಾಗಿ ಹಿಂಸೆಯ ವಿನ್ಯಾಸಗಳೇ, ಅಥವಾ ದಾಖಲೆ ಬರೆದವರ ಅನುಕೂಲ ಅನನುಕೂಲಗಳ ವಿನ್ಯಾಸಗಳೇ ಎಂಬ ಪ್ರಶ್ನೆಯನ್ನು ಪೆರುವಿನ ಉದಾಹರಣೆ ಸ್ಪಷ್ಟವಾಗಿ ಮುಂದಿಡುತ್ತದೆ.

ಹಿನ್ನೆಲೆ

ಹನ್ನೆರಡು ವರ್ಷಗಳ ಸೈನಿಕ ಆಡಳಿತದ ನಂತರ ಪೆರುವಿನಲ್ಲಿ 1980ರ ಮೇ 18ರಂದು ಸಾರ್ವತ್ರಿಕ ಚುನಾವಣೆ ನಡೆಯಿತು. ಅದರ ಹಿಂದಿನ ದಿನ ಆಯಾಕುಚೊ ಪ್ರಾಂತದ ಚುಸ್ಚಿ ಎಂಬ ಹಳ್ಳಿಯಲ್ಲಿ ಸೆಂದೆರೊ ಲುಮಿನೊಸೊ (ಅಂದರೆ 'ಹೊಳೆಯುವ ದಾರಿ') ಎಂಬ ಮಾವೋವಾದಿ ಪಕ್ಷದ ಸದಸ್ಯರು ಮತಪೆಟ್ಟಿಗೆಗಳನ್ನು ಸುಟ್ಟುಹಾಕಿದರು. ತತ್ವಶಾಸ್ತ್ರದ ಅಧ್ಯಾಪಕನಾಗಿದ್ದ ಅಬಿಮಾಯೆಲ್ ಗುಸ್ಮಾನ್ ಈ ಪಕ್ಷದ ನಾಯಕ. ಸಂಘರ್ಷದ ಆರಂಭವನ್ನು ಸಾಮಾನ್ಯವಾಗಿ ಈ ಘಟನೆಯಿಂದ ಗುರುತಿಸಲಾಗುತ್ತದೆ. 1982ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರವು ಆಯಾಕುಚೊದ ನಿಯಂತ್ರಣವನ್ನು ಸೈನ್ಯಕ್ಕೆ ವಹಿಸಿತು. ತೂಪಾಕ್ ಅಮಾರು ಕ್ರಾಂತಿಕಾರಿ ಚಳವಳಿ ಎಂಬ ಮತ್ತೊಂದು ಸಶಸ್ತ್ರ ಗುಂಪು 1984ರಿಂದ ಕಣಕ್ಕೆ ಇಳಿಯಿತಾದರೂ ವರದಿಯಾದ ಸಾವುಗಳಲ್ಲಿ ಅದರ ಪಾಲು ಶೇ. 1.5 ಮಾತ್ರ. 1992ರ ಸೆಪ್ಟೆಂಬರ್ 12ರಂದು ಗುಸ್ಮಾನ್ ರಾಜಧಾನಿ ಲೀಮಾದಲ್ಲಿ ಸೆರೆಯಾದ ನಂತರ ಹಿಂಸೆ ವೇಗವಾಗಿ ಇಳಿಯಿತು.

ಅಧ್ಯಕ್ಷ ಆಲ್ಬರ್ಟೊ ಫುಜಿಮೊರಿಯ ಪತನದ ಬಳಿಕ ಬಂದ ಮಧ್ಯಂತರ ಸರ್ಕಾರವು 2001ರಲ್ಲಿ ಆಯೋಗವನ್ನು ರಚಿಸಿತು. ಸಾಲೊಮೊನ್ ಲೆರ್ನರ್ ಫೆಬ್ರೆಸ್ ಎಂಬ ತತ್ವಶಾಸ್ತ್ರಜ್ಞರು ಅದರ ಅಧ್ಯಕ್ಷರಾದರು. ಆಯೋಗವು ದೇಶದಾದ್ಯಂತ ಸುಮಾರು 17,000 ಸಾಕ್ಷ್ಯಗಳನ್ನು ಸಂಗ್ರಹಿಸಿ, 2003ರ ಆಗಸ್ಟ್ 28ರಂದು ಒಂಬತ್ತು ಸಂಪುಟಗಳ ಅಂತಿಮ ವರದಿಯನ್ನು ಸಲ್ಲಿಸಿತು. ಅಲ್ಲಿಯವರೆಗೆ ಸಾರ್ವಜನಿಕವಾಗಿ ಕೇಳಿಬರುತ್ತಿದ್ದ ಅತ್ಯಧಿಕ ಸಂಖ್ಯೆ 35,000ದ ಆಸುಪಾಸಿನಲ್ಲಿತ್ತು. ಹೊಸ ಅಂದಾಜು ಅದರ ಇಮ್ಮಡಿ. ಇನ್ನೂ 35,000 ಮಂದಿ ಇಲ್ಲವಾಗಿರುವುದು ಇಷ್ಟು ಕಾಲ ದೇಶದ ಗಮನಕ್ಕೇ ಬಾರದೆ ಹೋದುದರ ಅರ್ಥವೇನು ಎಂದು ಲೆರ್ನರ್ ವರದಿ ಸಲ್ಲಿಸುವ ಸಂದರ್ಭದಲ್ಲಿಯೇ ಪ್ರಶ್ನಿಸಿದರು.

ಅಂದಾಜಿನ ವಿಧಾನ

ದಾಖಲಾಗದ ಸಾವುಗಳನ್ನು ಎಣಿಸುವುದು ಹೇಗೆ? ಇದಕ್ಕೆ ಆಯೋಗವು ಬಳಸಿದ್ದು ಹಲವು ಪಟ್ಟಿಗಳ ಹೋಲಿಕೆಯ ವಿಧಾನ. ಇದರ ಮೂಲ ತತ್ವ ಸರಳವಾದುದು, ಶಾಲೆಯ ಗಣಿತದಿಂದಲೇ ತಿಳಿಯಬಹುದಾದುದು.

ಒಂದು ಕಾಲ್ಪನಿಕ ಜಿಲ್ಲೆಯಲ್ಲಿ ಒಂದು ಸಂಸ್ಥೆಯು ಸತ್ತ 300 ಜನರ ಹೆಸರುಗಳನ್ನು ಕಲೆಹಾಕಿದೆ ಎಂದು ಭಾವಿಸೋಣ. ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಸಂಸ್ಥೆ 200 ಹೆಸರುಗಳನ್ನು ಕಲೆಹಾಕಿದೆ. ಎರಡು ಪಟ್ಟಿಗಳಲ್ಲಿಯೂ ಇರುವ ಹೆಸರುಗಳು 60. ಎರಡನೆಯ ಸಂಸ್ಥೆಗೆ ಸಿಕ್ಕ 200 ಜನರಲ್ಲಿ 60 ಮಂದಿ, ಅಂದರೆ ಶೇ. 30ರಷ್ಟು ಜನ, ಮೊದಲನೆಯ ಪಟ್ಟಿಯಲ್ಲಿಯೂ ಇದ್ದಾರೆ. ಹಾಗಾದರೆ ಮೊದಲನೆಯ ಸಂಸ್ಥೆಯು ಒಟ್ಟು ಸತ್ತವರಲ್ಲಿ ಸುಮಾರು ಶೇ. 30ರಷ್ಟು ಜನರನ್ನು ದಾಖಲಿಸಿರಬೇಕು. 300 ಎಂಬುದು ಶೇ. 30 ಆದರೆ ಒಟ್ಟು ಸಂಖ್ಯೆ 1,000. ಎರಡು ಪಟ್ಟಿಗಳನ್ನು ಸೇರಿಸಿದರೂ ಸಿಗುವ ಹೆಸರುಗಳು 440 ಮಾತ್ರ; ಉಳಿದ 560 ಜನ ಯಾರ ಕಣ್ಣಿಗೂ ಬಿದ್ದಿಲ್ಲ. ಪಟ್ಟಿಗಳ ನಡುವೆ ಹೊಂದಿಕೆ ಕಡಿಮೆಯಾದಷ್ಟೂ ಕಾಣದೆ ಉಳಿದವರ ಸಂಖ್ಯೆ ಹೆಚ್ಚುತ್ತದೆ.

ಈ ವಿಧಾನವು ವನ್ಯಜೀವಿಗಳ ಎಣಿಕೆಯಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಕರ್ನಾಟಕದ ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು ಕ್ಯಾಮೆರಾಗಳಲ್ಲಿ ಸೆರೆಯಾದ ಹುಲಿಗಳ ಪಟ್ಟೆಗಳನ್ನು ಹೋಲಿಸಿ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿ 1995ರಲ್ಲಿ ಪ್ರಕಟಿಸಿದ ಅಧ್ಯಯನವು ಇದೇ ತತ್ವವನ್ನು ಆಧರಿಸಿದ್ದು. ಮನುಷ್ಯರ ಜನನ ಮರಣಗಳ ಲೆಕ್ಕಕ್ಕೆ ಇದನ್ನು ಅನ್ವಯಿಸಿದ ಪ್ರಸಿದ್ಧ ಪ್ರಬಂಧವೂ ಭಾರತದ ನೆಲದಿಂದಲೇ ಬಂದಿತು. ಸಿ. ಚಂದ್ರಶೇಖರನ್ ಅವರು ಕಲ್ಕತ್ತೆಗೆ ಸಮೀಪದ ಸಿಂಗೂರು ಪ್ರದೇಶದ ನೋಂದಣಿ ಪುಸ್ತಕವನ್ನೂ ಮನೆಮನೆ ಸಮೀಕ್ಷೆಯ ಪಟ್ಟಿಯನ್ನೂ ಹೋಲಿಸಿ, ಎರಡರಲ್ಲಿಯೂ ಬಿಟ್ಟುಹೋದ ಜನನ ಮರಣಗಳನ್ನು ಅಂದಾಜು ಮಾಡುವ ಸೂತ್ರವನ್ನು ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರೊಂದಿಗೆ 1949ರಲ್ಲಿ ಪ್ರಕಟಿಸಿದರು. ಆ್ಯಂಡೀಸ್ ಪರ್ವತದ ಹಳ್ಳಿಗಳಲ್ಲಿ ಸತ್ತವರನ್ನು ಎಣಿಸಲು ಅರ್ಧ ಶತಮಾನದ ನಂತರ ನೆರವಾದದ್ದು ಈ ವಿಚಾರದ ವಿಸ್ತೃತ ರೂಪವೇ.

ಪೆರುವಿನಲ್ಲಿ ಹೋಲಿಕೆಗೆ ಒದಗಿದವು ಮುಖ್ಯವಾಗಿ ಮೂರು ಮೂಲಗಳು: ಆಯೋಗವೇ ಸಂಗ್ರಹಿಸಿದ ಸಾಕ್ಷ್ಯಗಳು, ಸರ್ಕಾರದ ಜನರಕ್ಷಕ ಕಚೇರಿಯ ದಾಖಲೆಗಳು ಮತ್ತು ಮಾನವ ಹಕ್ಕು ಸಂಘಟನೆಗಳು ಮೊದಲಾದವುಗಳ ಪಟ್ಟಿಗಳು. ಪ್ಯಾಟ್ರಿಕ್ ಬಾಲ್, ಜಾನಾ ಆ್ಯಶರ್, ದಾವಿದ್ ಸುಲ್ಮೊಂಟ್ ಮತ್ತು ಡೇನಿಯಲ್ ಮಾನ್ರಿಕೆ ಅವರು ಈ ಕೆಲಸವನ್ನು ನಡೆಸಿದರು. ದೇಶವನ್ನು ಐವತ್ತಕ್ಕೂ ಹೆಚ್ಚು ಭೌಗೋಳಿಕ ಘಟಕಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಪ್ರತ್ಯೇಕ ಅಂದಾಜು ಮಾಡಲಾಯಿತು. 69,280 ಎಂಬುದು ಹೀಗೆ ದೊರೆತ ಮಧ್ಯದ ಸಂಖ್ಯೆ. ಶೇ. 95ರ ವಿಶ್ವಾಸ ಮಟ್ಟದಲ್ಲಿ ಅದರ ಕೆಳಮಿತಿ 61,007, ಮೇಲ್ಮಿತಿ 77,552. ಪತ್ರಿಕೆಗಳು ಮತ್ತು ಪಠ್ಯಪುಸ್ತಕಗಳು ಮಧ್ಯದ ಸಂಖ್ಯೆಯನ್ನು ಮಾತ್ರ ಉಲ್ಲೇಖಿಸಿ ಮಿತಿಗಳನ್ನು ಕೈಬಿಡುವುದುಂಟು. ಇದರಿಂದ ಒಬ್ಬೊಬ್ಬರನ್ನೂ ಎಣಿಸಿ ಬರೆದ ಸಂಖ್ಯೆ ಇದು ಎಂಬ ತಪ್ಪು ಭಾವನೆ ಹುಟ್ಟುತ್ತದೆ.

ಹೆಸರುಗಳ ಹೊಂದಾಣಿಕೆಯೇ ಈ ವಿಧಾನದ ಅತ್ಯಂತ ಶ್ರಮದ ಭಾಗ. ಒಂದು ಪಟ್ಟಿಯ ವ್ಯಕ್ತಿಯೇ ಇನ್ನೊಂದು ಪಟ್ಟಿಯಲ್ಲಿಯೂ ಇದ್ದಾನೆಂದು ನಿರ್ಧರಿಸಲು ಹೆಸರು, ಊರು, ಸತ್ತ ದಿನಾಂಕ, ವಯಸ್ಸು ಇವೆಲ್ಲವನ್ನೂ ನೋಡಬೇಕು. ಕೆಚುವಾ ಭಾಷೆಯ ಹೆಸರುಗಳನ್ನು ಸ್ಪ್ಯಾನಿಷ್ ಬಲ್ಲ ಗುಮಾಸ್ತರು ಬೇರೆ ಬೇರೆ ಕಾಗುಣಿತಗಳಲ್ಲಿ ಬರೆದಿರುತ್ತಾರೆ. ಕಿಸ್ಪೆ ಎಂಬ ಕುಲನಾಮವಂತೂ ಪೆರುವಿನಲ್ಲಿ ನಮ್ಮ ಗೌಡ, ಪಾಟೀಲರಷ್ಟೇ ಸಾಮಾನ್ಯ. ಎಷ್ಟೋ ಜನರಿಗೆ ಜನನ ಪ್ರಮಾಣಪತ್ರವೇ ಇರಲಿಲ್ಲ. ಒಬ್ಬನೇ ವ್ಯಕ್ತಿಯನ್ನು ಇಬ್ಬರೆಂದು ಭಾವಿಸಿದರೆ ಹೊಂದಿಕೆ ಕುಗ್ಗಿ ಅಂದಾಜು ಉಬ್ಬುತ್ತದೆ. ಇಬ್ಬರನ್ನು ಒಬ್ಬನೆಂದು ಭಾವಿಸಿದರೆ ಅಂದಾಜು ಕುಗ್ಗುತ್ತದೆ.

ಸತ್ತವರು ಯಾರು

ಆಯೋಗದ ವರದಿಯಲ್ಲಿ ಒಟ್ಟು ಸಂಖ್ಯೆಗಿಂತ ಹೆಚ್ಚಾಗಿ ಮನಸ್ಸನ್ನು ಕಲಕುವುದು ಸಾವಿನ ಹಂಚಿಕೆ. ವರದಿಯಾದ ಬಲಿಪಶುಗಳಲ್ಲಿ ಶೇ. 75ರಷ್ಟು ಜನರ ಮಾತೃಭಾಷೆ ಕೆಚುವಾ ಅಥವಾ ಇತರ ಮೂಲನಿವಾಸಿ ಭಾಷೆಯಾಗಿತ್ತು. 1993ರ ಜನಗಣತಿಯ ಪ್ರಕಾರ ದೇಶದ ಒಟ್ಟು ಜನಸಂಖ್ಯೆಯಲ್ಲಿ ಅಂಥವರ ಪಾಲು ಕೇವಲ ಶೇ. 16. ಶೇ. 79ರಷ್ಟು ಬಲಿಪಶುಗಳು ಗ್ರಾಮವಾಸಿಗಳು. ದೇಶದಲ್ಲಿ ಗ್ರಾಮವಾಸಿಗಳು ಸುಮಾರು ಶೇ. 29. ಶೇ. 68ರಷ್ಟು ಜನ ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರಲ್ಲ. ದೇಶದ ಜನರಲ್ಲಿ ಆ ಪ್ರಮಾಣ ಸುಮಾರು ಶೇ. 40. ಅರ್ಧಕ್ಕಿಂತ ಹೆಚ್ಚು ಮಂದಿ ಬೇಸಾಯಗಾರರು.

ಭೂಪಟದಲ್ಲಿಯೂ ಇದೇ ಅಸಮಾನತೆ ಎದ್ದು ಕಾಣುತ್ತದೆ. ವರದಿಯಾದ ಸಾವುಗಳಲ್ಲಿ ಶೇ. 40ಕ್ಕಿಂತ ಹೆಚ್ಚು ಆಯಾಕುಚೊ ಒಂದರಲ್ಲಿಯೇ ಸಂಭವಿಸಿದವು. ಅದರೊಂದಿಗೆ ಹುನಿನ್, ವಾನುಕೊ, ವಾಂಕಾವೆಲಿಕಾ, ಅಪುರಿಮಾಕ್ ಮತ್ತು ಸಾನ್ ಮಾರ್ತಿನ್ ಪ್ರಾಂತಗಳನ್ನು ಸೇರಿಸಿದರೆ ಶೇ. 85 ಆಗುತ್ತದೆ. ಇಡೀ ದೇಶದಲ್ಲಿ ಆಯಾಕುಚೊದಷ್ಟೇ ಪ್ರಮಾಣದಲ್ಲಿ ಜನ ಸತ್ತಿದ್ದರೆ ಒಟ್ಟು ಸಾವುಗಳು 12 ಲಕ್ಷವಾಗುತ್ತಿದ್ದವು, ಲೀಮಾ ನಗರವೊಂದರಲ್ಲಿಯೇ 3,40,000 ಜನ ಸಾಯುತ್ತಿದ್ದರು ಎಂದು ಆಯೋಗವು ಲೆಕ್ಕ ಹಾಕಿ ತೋರಿಸಿತು. ಸಂಖ್ಯಾಶಾಸ್ತ್ರದ ಪಾರಿಭಾಷಿಕ ಪದಗಳಿಗೆ ನಿಲುಕದ ವಿಷಯವನ್ನು ಈ ಒಂದು ಹೋಲಿಕೆ ರಾಜಧಾನಿಯ ಓದುಗರಿಗೆ ಮನಗಾಣಿಸಿತು. ಆಯಾಕುಚೊ ಎಂಬ ಹೆಸರನ್ನು ಕೆಚುವಾ ಭಾಷೆಯಲ್ಲಿ 'ಸತ್ತವರ ಮೂಲೆ' ಎಂದು ಸಾಮಾನ್ಯವಾಗಿ ಬಿಡಿಸಿ ಹೇಳಲಾಗುತ್ತದೆ. ಈ ಯುದ್ಧಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಸ್ಪೇನಿನ ವಿರುದ್ಧದ 1824ರ ಕದನದ ಮರುವರ್ಷ ಸಿಮೊನ್ ಬೊಲಿವಾರ್ ಅಲ್ಲಿನ ನಗರಕ್ಕೆ ಇಟ್ಟ ಹೆಸರು ಅದು.

ಪೂರ್ವದ ಅರಣ್ಯ ಪ್ರದೇಶದ ಅಶಾನಿಂಕಾ ಬುಡಕಟ್ಟಿನ ಸ್ಥಿತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಸುಮಾರು 55,000 ಜನರಿದ್ದ ಈ ಸಮುದಾಯದಲ್ಲಿ ಸುಮಾರು 6,000 ಮಂದಿ ಸತ್ತರು, 10,000 ಮಂದಿ ನೆಲೆ ಕಳೆದುಕೊಂಡರು, 5,000 ಮಂದಿಯನ್ನು ಸೆಂದೆರೊ ತನ್ನ ಶಿಬಿರಗಳಲ್ಲಿ ಸೆರೆಯಲ್ಲಿ ಇರಿಸಿಕೊಂಡಿತ್ತು ಎಂದು ಆಯೋಗವು ಅಂದಾಜು ಮಾಡಿದೆ. ಮೂವತ್ತರಿಂದ ನಲವತ್ತು ಹಾಡಿಗಳು ಹೇಳಹೆಸರಿಲ್ಲದಂತಾದವು. ಇಡೀ ದೇಶದ ಒಟ್ಟು ಮೊತ್ತದಲ್ಲಿ 6,000 ಒಂದು ಸಣ್ಣ ಪಾಲಾಗಿ ಕಾಣಬಹುದು. ಆ ಸಮುದಾಯದ ಪಾಲಿಗೆ ಅದು ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು.

ವಯಸ್ಸು ಮತ್ತು ಲಿಂಗದ ಹಂಚಿಕೆಯು ಇತರ ಅಂತರ್ಯುದ್ಧಗಳಲ್ಲಿ ಕಂಡುಬರುವುದಕ್ಕಿಂತ ಬಹಳ ಭಿನ್ನವಲ್ಲ. ಬಲಿಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 20ರಿಂದ 49 ವಯಸ್ಸಿನ ಗಂಡಸರು. ಹೆಂಗಸರ ಪಾಲು ಶೇ. 20ರ ಆಸುಪಾಸು. ಆದರೆ ಈ ಸರಾಸರಿಯೊಳಗೆ ಒಂದು ಸುಳಿವು ಅಡಗಿದೆ. ಗುರಿಯಿಟ್ಟು ಒಬ್ಬೊಬ್ಬರನ್ನು ಕೊಂದ ಕಡೆ ಸತ್ತವರು ಹೆಚ್ಚಾಗಿ ಗಂಡಸರು: ಊರಿನ ಮುಖಂಡರು, ಶಿಕ್ಷಕರು, ಸಂಘಟನೆಯವರು. ಇಡೀ ಊರಿನ ಮೇಲೆ ದಾಳಿ ನಡೆದ ಕಡೆ ಹೆಂಗಸರು, ಮಕ್ಕಳು ಮತ್ತು ಮುದುಕರ ಪಾಲು ಏರುತ್ತದೆ. ಆದುದರಿಂದ ಸತ್ತವರ ವಯಸ್ಸು ಮತ್ತು ಲಿಂಗವನ್ನು ನೋಡಿಯೇ ಹಿಂಸೆಯ ಸ್ವರೂಪವನ್ನು ಬಹುಮಟ್ಟಿಗೆ ಊಹಿಸಬಹುದು.

ಈ ಲೆಕ್ಕದಲ್ಲಿ ಸಶಸ್ತ್ರ ಹೋರಾಟಗಾರರೂ ಸೇರಿದ್ದಾರೆ ಎಂಬುದನ್ನು ಓದುಗರು ಗಮನಿಸಬೇಕು. ಸತ್ತವರಲ್ಲಿ ಬಹುಪಾಲು ನಾಗರಿಕರೇ ಆದರೂ, ಸಮವಸ್ತ್ರವಿಲ್ಲದ ಬಂಡುಕೋರನನ್ನೂ ಸಾಮಾನ್ಯ ರೈತನನ್ನೂ ಪ್ರತಿಯೊಂದು ಪ್ರಕರಣದಲ್ಲಿಯೂ ಬೇರ್ಪಡಿಸುವುದು ಸಾಧ್ಯವಾಗಿಲ್ಲ. ತಾವು ಕೊಂದ ರೈತರನ್ನು ಭಯೋತ್ಪಾದಕರೆಂದು ಸೈನಿಕರು ವರದಿ ಮಾಡಿದ ನಿದರ್ಶನಗಳಿರುವುದರಿಂದ ಸೈನ್ಯದ ಕಡತಗಳನ್ನೇ ನಂಬಿ ಈ ವಿಂಗಡಣೆ ಮಾಡುವಂತೆಯೂ ಇಲ್ಲ.

ಕಾಲಕ್ರಮದಲ್ಲಿ ಏರಿಳಿತ

ಸಾವುಗಳು ಇಪ್ಪತ್ತು ವರ್ಷಗಳಲ್ಲಿ ಸಮವಾಗಿ ಹರಡಿಲ್ಲ. 1983–84ರಲ್ಲಿ ಮೊದಲ ಶಿಖರ, 1989–90ರ ಸುಮಾರಿಗೆ ಎರಡನೆಯದು. ಮೊದಲನೆಯದು ಬಹುಮಟ್ಟಿಗೆ ಆಯಾಕುಚೊ ಮತ್ತು ಅದರ ನೆರೆಯಲ್ಲಿ ಕೇಂದ್ರೀಕೃತವಾಗಿತ್ತು. ಎರಡನೆಯದು ಮಧ್ಯದ ಪರ್ವತ ಪ್ರದೇಶ, ಅರಣ್ಯ ಮತ್ತು ಕೋಕಾ ಬೆಳೆಯುವ ವಾಯಾಗಾ ಕಣಿವೆಗೆ ಹರಡಿತ್ತು.

ಮೊದಲ ಶಿಖರದ ಕಾರಣವನ್ನು ಅರಿಯಲು ರಾಜಕೀಯ ಶಾಸ್ತ್ರಜ್ಞ ಸ್ಟಾಥಿಸ್ ಕಲಿವಾಸ್ ಅವರು ಗ್ರೀಸಿನ ಅಂತರ್ಯುದ್ಧವನ್ನು ಆಧರಿಸಿ 2006ರಲ್ಲಿ ಮಂಡಿಸಿದ ಸಿದ್ಧಾಂತವು ಸಹಾಯಕ. ಅವರ ಪ್ರಕಾರ ನಾಗರಿಕರ ಮೇಲಿನ ಹಿಂಸೆಯು ಒಂದು ಪ್ರದೇಶದ ಮೇಲೆ ಯಾರಿಗೆ ಎಷ್ಟು ಹಿಡಿತವಿದೆ ಎಂಬುದನ್ನು ಅವಲಂಬಿಸಿದೆ. ಹಿಡಿತ ಪೂರ್ಣವಾಗಿದ್ದರೆ ಕೊಲ್ಲುವ ಅಗತ್ಯ ಬೀಳುವುದಿಲ್ಲ. ಹಿಡಿತವೇ ಇಲ್ಲದ ಕಡೆ ಯಾರು ವಿರೋಧಿ ಎಂಬ ಮಾಹಿತಿ ಕೊಡುವವರಿಲ್ಲ. ಒಂದು ಪಕ್ಷದ ಕೈ ಮೇಲಾಗಿದ್ದು, ಎದುರಾಳಿಯೂ ಪೂರ್ತಿ ತೊಲಗದಿರುವ ಕಡೆಗಳಲ್ಲಿ ವ್ಯಕ್ತಿಗಳನ್ನು ಆರಿಸಿ ಕೊಲ್ಲುವುದು ಅತಿ ಹೆಚ್ಚು. ಮಾಹಿತಿಯ ಅಭಾವದಲ್ಲಿ ಬಲ ಪ್ರಯೋಗಿಸಿದಾಗ ಅದು ವಿವೇಚನೆಯಿಲ್ಲದ ಸಾಮೂಹಿಕ ಹತ್ಯೆಯಾಗುತ್ತದೆ.

ಪೆರುವಿನ ಸೈನ್ಯ 1983ರಲ್ಲಿ ಆಯಾಕುಚೊವನ್ನು ಹೊಕ್ಕಾಗ ಅದಕ್ಕೆ ಅಲ್ಲಿನ ಭಾಷೆಯಾಗಲಿ ಜನರ ಒಳಸಂಬಂಧಗಳಾಗಲಿ ತಿಳಿದಿರಲಿಲ್ಲ. ಸೆಂದೆರೊ ತನ್ನ ಮಾತು ಮೀರಿದ ಊರುಗಳಿಗೆ ಶಿಕ್ಷೆ ವಿಧಿಸತೊಡಗಿತು. 1983ರ ಏಪ್ರಿಲ್ 3ರಂದು ಲುಕಾನಾಮಾರ್ಕಾ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಅದು ಕೊಂದ 69 ಜನರಲ್ಲಿ ಹದಿನೆಂಟು ಮಂದಿ ಮಕ್ಕಳಿದ್ದರು. 1985ರ ಆಗಸ್ಟ್ 14ರಂದು ಅಕ್ಕೊಮಾರ್ಕಾದಲ್ಲಿ ಸೈನ್ಯವು ಅರವತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಉಚುರಕ್ಕಾಯ್ ಎಂಬ ಹಳ್ಳಿಯ ಕಥೆಯು ದಾಖಲೆಯ ಪಕ್ಷಪಾತಕ್ಕೂ ಕನ್ನಡಿ. 1983ರ ಜನವರಿಯಲ್ಲಿ ಅಲ್ಲಿ ಎಂಟು ಪತ್ರಕರ್ತರು ಕೊಲೆಯಾದರು. ಆ ಸುದ್ದಿ ದೇಶವಿದೇಶಗಳಲ್ಲಿ ಹರಡಿತು, ತನಿಖಾ ಸಮಿತಿಯೂ ನೇಮಕವಾಯಿತು. ಮುಂದಿನ ತಿಂಗಳುಗಳಲ್ಲಿ ಅದೇ ಹಳ್ಳಿಯ 135 ಜನ ಸತ್ತುದನ್ನು ಹೊರಜಗತ್ತು ಬಹಳ ಕಾಲ ಗಮನಿಸಲಿಲ್ಲ.

ದಶಕದ ಕೊನೆಯ ಹೊತ್ತಿಗೆ ಸೈನ್ಯವು ಹೆಚ್ಚು ಮಾಹಿತಿ ಪಡೆದು ವ್ಯಕ್ತಿಗಳನ್ನು ಗುರುತಿಸಿ ಹಿಡಿಯುವ, ಕಾಣೆಯಾಗಿಸುವ ರೀತಿಗೆ ತಿರುಗಿತು. ರೈತರು ಆತ್ಮರಕ್ಷಣಾ ಪಡೆಗಳನ್ನು ಕಟ್ಟಿಕೊಂಡರು.

ಘಟನೆಗಳ ಗಾತ್ರಕ್ಕೆ ಸಂಬಂಧಿಸಿದ ಒಂದು ವಿನ್ಯಾಸವನ್ನೂ ಇಲ್ಲಿ ಉಲ್ಲೇಖಿಸಬಹುದು. 2009ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಪೆರುವೂ ಸೇರಿದಂತೆ ಒಂಬತ್ತು ಸಂಘರ್ಷಗಳ 54,000ಕ್ಕೂ ಹೆಚ್ಚು ಘಟನೆಗಳನ್ನು ಪರಿಶೀಲಿಸಿ, ಸಾವಿನ ಸಂಖ್ಯೆ ಹೆಚ್ಚಿದಂತೆ ಅಂಥ ಘಟನೆಗಳು ಅಪರೂಪವಾಗುವ ರೀತಿಯು ಎಲ್ಲ ಕಡೆಯೂ ಒಂದೇ ಬಗೆಯ ಘಾತ ನಿಯಮವನ್ನು ಅನುಸರಿಸುತ್ತದೆಂದು ಹೇಳಿತು. ಘಾತಾಂಕವು ಸುಮಾರು 2.5. ಇದು ಕುತೂಹಲಕರವೇ. ಆದರೆ ಒಬ್ಬಿಬ್ಬರು ಸತ್ತ ಸಣ್ಣ ಘಟನೆಗಳೇ ದಾಖಲೆಯಿಂದ ಅತಿ ಹೆಚ್ಚಾಗಿ ಜಾರಿಹೋಗುವಂಥವು. ಹೀಗಿರುವಾಗ ಪತ್ರಿಕಾ ವರದಿಗಳನ್ನು ಆಧರಿಸಿದ ಯಾವುದೇ ಗಾತ್ರ ನಿಯಮವನ್ನು ಸ್ವಲ್ಪ ಎಚ್ಚರಿಕೆಯಿಂದಲೇ ಸ್ವೀಕರಿಸಬೇಕು.

ಕೊಂದವರು ಯಾರು: ವಿವಾದ

ಆಯೋಗಕ್ಕೆ ವರದಿಯಾದ ಪ್ರಕರಣಗಳಲ್ಲಿ ಸೆಂದೆರೊ ಪಾಲು ಶೇ. 54, ಸೈನ್ಯ, ಪೊಲೀಸ್, ಆತ್ಮರಕ್ಷಣಾ ಪಡೆ ಮತ್ತು ಅರೆಸೇನಾ ಗುಂಪುಗಳ ಒಟ್ಟು ಪಾಲು ಶೇ. 37. ಅಂದಾಜು ಮಾಡಿದ 69,280 ಸಾವುಗಳಲ್ಲಾದರೋ ಸೆಂದೆರೊ ಪಾಲು ಶೇ. 46, ಸರ್ಕಾರಿ ಪಡೆಗಳದು ಶೇ. 30, ಉಳಿದವರು ಮತ್ತು ಅನಿಶ್ಚಿತ ಸಂದರ್ಭಗಳದು ಶೇ. 24. ಎರಡು ಬಗೆಯ ಶೇಕಡಾವಾರುಗಳನ್ನು ಬೆರೆಸಿ ಉಲ್ಲೇಖಿಸುವುದು ಈ ವಿಷಯದ ಬರಹಗಳಲ್ಲಿ ಪದೇ ಪದೇ ಕಾಣುವ ದೋಷ.

ಬಂಡುಕೋರರೇ ಹೆಚ್ಚು ಜನರನ್ನು ಕೊಂದರು ಎಂಬ ಈ ನಿರ್ಣಯವು ಲ್ಯಾಟಿನ್ ಅಮೆರಿಕದಲ್ಲಿ ಅಸಾಮಾನ್ಯವಾದುದು. ಗ್ವಾಟೆಮಾಲಾದ ಆಯೋಗವು 1999ರಲ್ಲಿ ಅಲ್ಲಿನ ಸಾವು ಮತ್ತು ಕಣ್ಮರೆಗಳನ್ನು 2,00,000 ಎಂದು ಅಂದಾಜು ಮಾಡಿ, ದಾಖಲಾದ ಉಲ್ಲಂಘನೆಗಳಲ್ಲಿ ಶೇ. 93ಕ್ಕೆ ಸರ್ಕಾರಿ ಪಡೆಗಳೇ ಹೊಣೆ ಎಂದಿತ್ತು. ಗುರುತಿಸಲಾದ ಬಲಿಪಶುಗಳಲ್ಲಿ ಶೇ. 83 ಮಂದಿ ಮಾಯಾ ಜನರು ಎಂಬಲ್ಲಿ ಮಾತ್ರ ಎರಡು ದೇಶಗಳ ಚಿತ್ರ ಒಂದಾಗುತ್ತದೆ.

ಪೆರುವಿನ ಅಂದಾಜಿನ ಇಕ್ಕಟ್ಟು ಇರುವುದು ಇಲ್ಲಿಯೇ. ಮಾನವ ಹಕ್ಕು ಸಂಘಟನೆಗಳು ಯುದ್ಧಕಾಲದಲ್ಲಿ ಮುಖ್ಯವಾಗಿ ಸರ್ಕಾರಿ ಪಡೆಗಳ ಅಪರಾಧಗಳನ್ನು ದಾಖಲಿಸಿದ್ದವು. ಸೆಂದೆರೊ ಕೈಯಿಂದ ಸತ್ತವರ ಹೆಸರುಗಳು ಬಹುತೇಕ ಆಯೋಗದ ಒಂದೇ ಪಟ್ಟಿಯಲ್ಲಿದ್ದವು. ಹೋಲಿಸಲು ಎರಡನೆಯ ಪಟ್ಟಿ ಸಮರ್ಪಕವಾಗಿಲ್ಲದಿದ್ದರೆ ಮೇಲೆ ವಿವರಿಸಿದ ಗುಣಾಕಾರ ಭಾಗಾಕಾರ ನಡೆಯದು. ಆದಕಾರಣ ತಜ್ಞರು ಸೆಂದೆರೊ ಪಾಲನ್ನು ನೇರವಾಗಿ ಅಂದಾಜು ಮಾಡದೆ, ಇತರ ಅಂದಾಜುಗಳಿಂದ ಕಳೆದು ಪರೋಕ್ಷವಾಗಿ ಪಡೆದರು.

ಅರ್ಥಶಾಸ್ತ್ರಜ್ಞ ಸಿಲ್ವಿಯೊ ರೆಂಡೊನ್ ಅವರು 2019ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಈ ಪರೋಕ್ಷ ಮಾರ್ಗವನ್ನು ಆಕ್ಷೇಪಿಸಿದರು. ಅವರ ನೇರ ಅಂದಾಜಿನ ಪ್ರಕಾರ ಒಟ್ಟು ಸಾವುಗಳು ಸುಮಾರು 48,000, ಮತ್ತು ಅವುಗಳಲ್ಲಿ ಸರ್ಕಾರಿ ಪಡೆಗಳ ಪಾಲು ಸೆಂದೆರೊ ಪಾಲಿಗಿಂತ ದೊಡ್ಡದು. ಡೇನಿಯಲ್ ಮಾನ್ರಿಕೆ ಮತ್ತು ಪ್ಯಾಟ್ರಿಕ್ ಬಾಲ್ ಅದೇ ವರ್ಷ ಉತ್ತರಿಸಿ, ದತ್ತಾಂಶ ವಿರಳವಾದ ಕಡೆ ರೆಂಡೊನ್ ಅವರ ಮಾರ್ಗವು ಸೆಂದೆರೊ ಬಲಿಪಶುಗಳನ್ನು ಕಡಿಮೆ ಎಣಿಸುತ್ತದೆಂದು ವಾದಿಸಿದರು. ಮೇಲ್ನೋಟಕ್ಕೆ ಇದು ಪರಿಣತರ ಸೂತ್ರಗಳ ಜಗಳ. ಪೆರುವಿನ ರಾಜಕೀಯದಲ್ಲಿ ಇದರ ತೂಕವೇ ಬೇರೆ. ಸೈನ್ಯದ ಪರವಾಗಿ ಮಾತನಾಡುವವರು 69,280 ಅತಿಶಯೋಕ್ತಿ ಎನ್ನುತ್ತಲೇ ಸೆಂದೆರೊ ಪಾಲಿನ ಶೇಕಡಾವಾರನ್ನು ಅದೇ ವರದಿಯಿಂದ ಎತ್ತಿ ಹೇಳುವುದುಂಟು. ಒಟ್ಟು ಸಂಖ್ಯೆಯೂ ಆ ಶೇಕಡಾವಾರೂ ಒಂದೇ ಲೆಕ್ಕದಿಂದ ಹುಟ್ಟಿದವು. ಒಂದನ್ನು ತಿರಸ್ಕರಿಸಿ ಇನ್ನೊಂದನ್ನು ಇಟ್ಟುಕೊಳ್ಳಲು ಬರುವುದಿಲ್ಲ.

ತಜ್ಞರ ಅಧ್ಯಯನವು ಯಾವಾಗಲೂ ಸಾವಿನ ಸಂಖ್ಯೆಯನ್ನು ಹೆಚ್ಚಿಸುತ್ತದೆ ಎಂದು ಭಾವಿಸುವುದು ಸರಿಯಲ್ಲ. ಬೋಸ್ನಿಯಾದ 1992–95ರ ಯುದ್ಧದಲ್ಲಿ 2,00,000 ಜನ ಸತ್ತರೆಂದು ವರ್ಷಗಟ್ಟಲೆ ಹೇಳಲಾಗುತ್ತಿತ್ತು. ಸರಾಯೆವೊದ ಸಂಶೋಧನಾ ಮತ್ತು ದಾಖಲೀಕರಣ ಕೇಂದ್ರವು ಹೆಸರು ಹೆಸರಾಗಿ ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಸಂಖ್ಯೆ ಸುಮಾರು 97,000. ಅವರಲ್ಲಿ ಸುಮಾರು ಶೇ. 40 ಮಂದಿ ನಾಗರಿಕರು. ನಾಗರಿಕರ ಪೈಕಿ ಶೇ. 80ಕ್ಕಿಂತ ಹೆಚ್ಚು ಬೋಸ್ನಿಯಾಕ್ ಮುಸ್ಲಿಮರು. ಅಲ್ಲಿ ಒಟ್ಟು ಮೊತ್ತ ಅರ್ಧಕ್ಕೆ ಇಳಿದರೂ ಯಾರು ಹೆಚ್ಚು ಸತ್ತರೆಂಬ ಚಿತ್ರ ಬದಲಾಗಲಿಲ್ಲ. ಪೆರುವಿನಲ್ಲಿ ಎಲ್ಲಿ ಮತ್ತು ಯಾರು ಸತ್ತರೆಂಬ ಚಿತ್ರ ಎಲ್ಲ ಅಂದಾಜುಗಳಲ್ಲಿಯೂ ಬಹುಮಟ್ಟಿಗೆ ಒಂದೇ. ಕೊಂದವರ ಪಾಲು ಮಾತ್ರ ವಿಧಾನದೊಂದಿಗೆ ಬದಲಾಗುತ್ತದೆ.

ಕಾಣೆಯಾದವರ ಹುಡುಕಾಟ

ಅಂದಾಜು ಮಾಡಿದ ಸಂಖ್ಯೆಯಿಂದ ಒಂದು ಕುಟುಂಬಕ್ಕೆ ತನ್ನ ಮಗನ ವಿಷಯ ತಿಳಿಯುವುದಿಲ್ಲ. ಆಸ್ತಿಯ ಹಕ್ಕು, ಪರಿಹಾರ, ಅಂತ್ಯಸಂಸ್ಕಾರ ಎಲ್ಲದಕ್ಕೂ ಬೇಕಾದದ್ದು ಹೆಸರು. ಪೆರುವಿನ ಸಂಸತ್ತು 2016ರಲ್ಲಿ ಕಾಣೆಯಾದವರ ಹುಡುಕಾಟಕ್ಕೆ ವಿಶೇಷ ಕಾನೂನನ್ನು ಅಂಗೀಕರಿಸಿತು. ಅದರಂತೆ ಸಿದ್ಧವಾದ ಅಧಿಕೃತ ನೋಂದಣಿಯಲ್ಲಿ 20,000ಕ್ಕೂ ಹೆಚ್ಚು ಹೆಸರುಗಳಿವೆ. ಆಯೋಗಕ್ಕೆ 2003ರಲ್ಲಿ ವರದಿಯಾಗಿದ್ದ, ಸರ್ಕಾರಿ ಪಡೆಗಳು ಕಾಣೆಯಾಗಿಸಿದ ಪ್ರಕರಣಗಳು 4,414. ಹೊಸ ನೋಂದಣಿಯ ವ್ಯಾಖ್ಯೆ ಹೆಚ್ಚು ವಿಶಾಲವಾದುದರಿಂದ ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲ. ಸೆಂದೆರೊ ಕೊಂಡೊಯ್ದವರೂ, ದೇಹ ಸಿಗದೆ ಉಳಿದ ಎಲ್ಲರೂ ಅದರಲ್ಲಿ ಸೇರುತ್ತಾರೆ. ಸಮಾಧಿಗಳನ್ನು ಅಗೆದು ಮೂಳೆಗಳನ್ನು ಗುರುತಿಸುವ ಕೆಲಸ ಆಯಾಕುಚೊದಲ್ಲಿ ಮುಂದುವರಿದಿದೆ. ಗುರುತು ದೃಢಪಟ್ಟ ಅವಶೇಷಗಳನ್ನು ಬಿಳಿ ಬಣ್ಣದ ಸಣ್ಣ ಪೆಟ್ಟಿಗೆಗಳಲ್ಲಿ ಇರಿಸಿ, ಮೇಲೆ ಹೆಸರು ಬರೆದು ಕುಟುಂಬದವರಿಗೆ ಒಪ್ಪಿಸಲಾಗುತ್ತದೆ.